ಸೆಪ್ಟೆಂಬರ್‌ನಿಂದ ಆಗಮನ ಕಾಲದವರೆಗೆ: ಮಕ್ಕಳ ಜೊತೆ ಮನೆಯಲ್ಲೇ ಸಂತರ ಹಬ್ಬ

ಕ್ರಿಸ್ಮಸ್ಸಿಗೋ ಈಸ್ಟರಿಗೋ ಮನೆಯಲ್ಲಿ ಏನು ಮಾಡಬೇಕೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ತಿಂಗಳ ಮಾತು ಬೇರೆ. ಚರ್ಚಿನಲ್ಲಿ ವಾರದಿಂದ ವಾರಕ್ಕೆ ಅದೇ ಸಾಧಾರಣ ಕಾಲದ ಹಸಿರು ವಸ್ತ್ರ, ಮನೆಯಲ್ಲಿ ಶಾಲೆ, ಪರೀಕ್ಷೆ, ಹೋಮ್‌ವರ್ಕು. ಆದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುವಂಥ ಕಥೆಗಳಿರುವ ಹಬ್ಬಗಳು ಒತ್ತೊತ್ತಾಗಿ ಬರುವುದು ಈ ಮೂರು ತಿಂಗಳಲ್ಲೇ. ದೇವದೂತರು, ತೋಳವನ್ನು ಪಳಗಿಸಿದ ಫ್ರಾನ್ಸಿಸ್, ಮೇಲಂಗಿ ಹರಿದುಕೊಟ್ಟ ಸೈನಿಕ, ಕಂಪ್ಯೂಟರ್ ಮುಂದೆ ಕೂತ ಹದಿನೈದರ ಹುಡುಗ ಎಲ್ಲರೂ ಇಲ್ಲಿದ್ದಾರೆ.

ಇವೆಲ್ಲವನ್ನೂ ಆಚರಿಸಲು ಹೊರಡಬೇಡಿ. ಹಾಗೆ ಹೊರಟವರು ಅಕ್ಟೋಬರ್ ಎರಡನೇ ವಾರದಲ್ಲಿ ಕೈಚೆಲ್ಲುತ್ತಾರೆ. ಮೂರೋ ನಾಲ್ಕೋ ಹಬ್ಬ ಆರಿಸಿಕೊಂಡು, ಅವನ್ನೇ ವರ್ಷವರ್ಷವೂ ಅದೇ ರೀತಿ ಮಾಡಿ. ಹೊಸತನ ಬೇಕಾಗಿರುವುದು ದೊಡ್ಡವರಿಗೆ. ಮಕ್ಕಳು ಕೇಳುವುದು "ಹೋದ ವರ್ಷ ಮಾಡಿದ್ವಲ್ಲ, ಅದೇ" ಎಂದು.

ಆಯ್ಕೆ ಹೇಗೆ

ಆಗಸ್ಟ್ ಕೊನೆಯಲ್ಲಿ ಒಂದು ಸಂಜೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತುಕೊಳ್ಳಿ. ಮೊದಲು ಮನೆಯವರ ಹೆಸರಿನ ಸಂತರ ಹಬ್ಬ ಈ ಮೂರು ತಿಂಗಳಲ್ಲಿ ಬರುತ್ತದೆಯೇ ನೋಡಿ. ಬಂದರೆ ಅದು ಖಚಿತ. ತನ್ನ ಹೆಸರಿನ ಸಂತರಿಗೆ ಒಂದು ದಿನವಿದೆ ಎಂದು ಗೊತ್ತಾದ ಮಗುವಿಗೆ ಉಳಿದ ಸಂತರೂ ಗುರುತಿನವರಾಗುತ್ತಾರೆ. ಆಮೇಲೆ ಮಗುವಿನ ಸ್ವಭಾವ ನೋಡಿ. ಪ್ರಾಣಿ ಎಂದರೆ ಪ್ರಾಣ ಬಿಡುವ ಮಗುವಿಗೆ ಫ್ರಾನ್ಸಿಸ್, ಹಾಡುವವಳಿಗೆ ಸಿಸಿಲಿಯಾ, ಸದಾ ಫೋನ್ ಕೇಳುವ ಹುಡುಗನಿಗೆ ಕಾರ್ಲೊ. ಕೊನೆಗೆ ನಿಮ್ಮ ಕೆಲಸದ ಒತ್ತಡ. ವಾರದ ನಡುವೆ ರಾತ್ರಿ ಎಂಟಕ್ಕೆ ಮನೆ ಸೇರುವವರು ಹಬ್ಬವನ್ನು ಹತ್ತಿರದ ಶನಿವಾರಕ್ಕೋ ಭಾನುವಾರಕ್ಕೋ ಸರಿಸಿಕೊಂಡರೆ ಯಾವ ಸಂತರೂ ಬೇಸರಪಡುವುದಿಲ್ಲ.

ನವೆಂಬರ್ 1 ಮಾತ್ರ ವಿಶೇಷ. ಸಕಲ ಸಂತರ ಹಬ್ಬದಂದು ಬಲಿಪೂಜೆಗೆ ಹೋಗುವುದು ಕಡ್ಡಾಯವೋ, ಭಾನುವಾರಕ್ಕೆ ವರ್ಗಾಯಿಸಿದ್ದಾರೋ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ನಿಮ್ಮ ಧರ್ಮಕೇಂದ್ರದಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಒಂದು ಪೆಟ್ಟಿಗೆ, ಅರ್ಧ ಗಂಟೆ

ಹಬ್ಬದ ಸಾಮಾನಿಗೆಂದೇ ಒಂದು ರಟ್ಟಿನ ಪೆಟ್ಟಿಗೆ ಇಡಿ. ಬಿಳಿ, ಕೆಂಪು, ನೇರಳೆ ಬಣ್ಣದ ಮೂರು ತುಂಡು ಬಟ್ಟೆ, ಒಂದು ದಪ್ಪ ಮೇಣದಬತ್ತಿ, ದಾರ, ಮಣಿ, ಬಣ್ಣದ ಕಾಗದ, ಅಂಟು, ಖಾಲಿ ಜಾಮ್ ಬಾಟಲಿ. ಇಷ್ಟಿದ್ದರೆ ಕೆಳಗೆ ಹೇಳುವ ಮುಕ್ಕಾಲು ಕೆಲಸ ಆಗುತ್ತದೆ. ಹಬ್ಬದ ದಿನ ಪ್ರಾರ್ಥನೆಯ ಮೂಲೆಯಲ್ಲಿ ಬಟ್ಟೆ ಹಾಸುವ ಕೆಲಸ ಮಗುವಿನದು. ಯಾವ ಬಣ್ಣ ಎಂದು ಅದೇ ಹೇಳಲಿ. ಪವಿತ್ರ ಶಿಲುಬೆಗೆ, ಪ್ರೇಷಿತರಿಗೆ, ರಕ್ತಸಾಕ್ಷಿಗಳಿಗೆ ಕೆಂಪು. ಮಾತೆ ಮರಿಯಮ್ಮನವರಿಗೆ, ದೇವದೂತರಿಗೆ, ಉಳಿದ ಸಂತರಿಗೆ ಬಿಳಿ. ಮೃತರ ಸ್ಮರಣೆಗೆ ನೇರಳೆ. ಒಂದೆರಡು ವರ್ಷದಲ್ಲಿ ಚರ್ಚಿನಲ್ಲಿ ಗುರುಗಳ ಪೂಜಾವಸ್ತ್ರ ನೋಡಿಯೇ ಇವತ್ತು ಎಂಥ ಹಬ್ಬ ಎಂದು ಮಕ್ಕಳು ನಿಮ್ಮ ಕಿವಿಯಲ್ಲಿ ಪಿಸುಗುಡಲು ಶುರುಮಾಡುತ್ತಾರೆ.

ಪ್ರತಿ ಹಬ್ಬಕ್ಕೂ ಒಂದು ಕಥೆ, ಕೈಗೆ ಒಂದು ಕೆಲಸ, ಒಂದು ಪ್ರಾರ್ಥನೆ ಸಾಕು. ಒಟ್ಟು ಅರ್ಧ ಗಂಟೆ ದಾಟಬಾರದು. ಕಥೆಯೇ ಮೊದಲು ಬರಲಿ. ಯಾಕೆ ಮಾಡುತ್ತಿದ್ದೇವೆಂದು ತಿಳಿಯದೆ ಕತ್ತರಿಸಿ ಅಂಟಿಸಿದ್ದು ಬರೀ ಕ್ರಾಫ್ಟ್ ಪೀರಿಯಡ್ ಆಗುತ್ತದೆ. ಕಥೆ ಓದಬೇಡಿ, ಬಾಯಲ್ಲಿ ಹೇಳಿ. ಪುರಾಣಕಥೆಯಂತೆ ಬೆಳೆದು ಬಂದ ಭಾಗ ಯಾವುದು, ನಡೆದದ್ದೆಂದು ಗೊತ್ತಿರುವುದು ಯಾವುದು ಎಂಬುದನ್ನು ಏಳೆಂಟು ವರ್ಷದ ಮಕ್ಕಳಿಗೆ ಬೇರೆ ಮಾಡಿಯೇ ಹೇಳಿ. ಮುಂದೆ ದೊಡ್ಡವರಾದಾಗ "ಅಮ್ಮ ಹೇಳಿದ್ದೆಲ್ಲ ಸುಳ್ಳು" ಎನ್ನುವ ಪ್ರಮೇಯ ಬರುವುದಿಲ್ಲ.

ಸೆಪ್ಟೆಂಬರ್

8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬ. ಪುಟ್ಟ ಮಕ್ಕಳಿರುವ ಮನೆಗೆ ಇದಕ್ಕಿಂತ ಸುಲಭದ ಹಬ್ಬವಿಲ್ಲ, ಯಾಕೆಂದರೆ ಇದು ಹುಟ್ಟುಹಬ್ಬ, ಮತ್ತು ಹುಟ್ಟುಹಬ್ಬ ಹೇಗೆ ಮಾಡಬೇಕೆಂದು ಎರಡು ವರ್ಷದ ಮಗುವಿಗೂ ಗೊತ್ತು. ಬಿಳಿ ಬಟ್ಟೆ, ಹೂವು, ಏನಾದರೂ ಸಿಹಿ, ಒಂದು 'ನಮೋ ಮರಿಯಾ'. ದೊಡ್ಡ ಮಕ್ಕಳಿಗೆ ಒಂದು ಲೆಕ್ಕ ಕೊಡಿ: ಡಿಸೆಂಬರ್ 8ರ ನಿಷ್ಕಳಂಕ ಗರ್ಭಸಂಭವದ ಹಬ್ಬದಿಂದ (ಮರಿಯಮ್ಮ ತಮ್ಮ ತಾಯಿಯ ಗರ್ಭದಲ್ಲಿ ಮೂಡಿದ್ದರ ಹಬ್ಬ) ಇಂದಿಗೆ ಎಷ್ಟು ತಿಂಗಳು? ಒಂಬತ್ತು ಎಂದು ಬೆರಳು ಮಡಚಿ ಎಣಿಸಿದಾಗ ಮುಖ ಅರಳುವುದನ್ನು ನೋಡಿ. ಧರ್ಮಸಭೆಯ ಪಂಚಾಂಗದಲ್ಲಿ ಹುಟ್ಟಿದ ದಿನವನ್ನು ಆಚರಿಸುವುದು ಮೂವರದು ಮಾತ್ರ: ಯೇಸು, ಮರಿಯಮ್ಮ, ಸ್ನಾನಿಕ ಯೊವಾನ್ನ. ಉಳಿದ ಸಂತರಿಗೆ ಸಾಮಾನ್ಯವಾಗಿ ಅವರು ತೀರಿಕೊಂಡ ದಿನವೇ ಹಬ್ಬ. ಇದನ್ನು ಕೇಳಿ ಮಕ್ಕಳು ಮೊದಲು ಗಾಬರಿಯಾಗುತ್ತಾರೆ. ಸ್ವರ್ಗದಲ್ಲಿ ಹುಟ್ಟಿದ ದಿನ ಎಂದು ಹೇಳಿದರೆ ಒಪ್ಪುತ್ತಾರೆ.

14, ಪವಿತ್ರ ಶಿಲುಬೆಯ ಹಬ್ಬ. ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿಯ ಮೇಲೆ ಕಟ್ಟಿದ ದೇವಾಲಯ 335ರ ಸೆಪ್ಟೆಂಬರಿನಲ್ಲಿ ಪ್ರತಿಷ್ಠಾಪನೆಯಾದದ್ದರ ನೆನಪು ಇದರ ಹಿಂದಿದೆ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ತಾಯಿ, ರಾಣಿ ಹೆಲೆನಾ ಯೇಸುವಿನ ಶಿಲುಬೆಯನ್ನು ಹುಡುಕಿದ ಪರಂಪರೆಯ ಕಥೆಯೂ ಇದಕ್ಕೆ ಹೊಂದಿಕೊಂಡಿದೆ. ಹುಡುಕಾಟವೇ ಕೈಕೆಲಸ. ಮನೆಯಲ್ಲಿರುವ ಶಿಲುಬೆಗಳನ್ನೆಲ್ಲ ಮಕ್ಕಳು ಹುಡುಕಿ ಎಣಿಸಲಿ: ಬಾಗಿಲ ಮೇಲಿನದು, ಜಪಸರದ ತುದಿಯದು, ಅಜ್ಜಿಯ ಕೊರಳಿನದು. ಆಮೇಲೆ ಧೂಳು ಒರೆಸಿ, ದೊಡ್ಡದೊಂದನ್ನು ಕೆಂಪು ಬಟ್ಟೆಯ ಮೇಲಿಟ್ಟು ಎಲ್ಲರೂ ಮುತ್ತಿಡುವುದು. ಶಿಲುಬೆ ಗುರುತನ್ನು ಅವಸರದಲ್ಲಿ ನೊಣ ಓಡಿಸಿದಂತೆ ಹಾಕುವ ಮಕ್ಕಳಿಗೆ (ದೊಡ್ಡವರಿಗೂ) ಅದನ್ನು ನಿಧಾನವಾಗಿ, ಅಗಲವಾಗಿ ಹಾಕಲು ಹೇಳಿಕೊಡಲು ಈ ದಿನವೇ ಸರಿ.

29ರಂದು ಮಹಾದೂತರಾದ ಮಿಕಾಯೇಲ, ಗಬ್ರಿಯೇಲ, ರಫಾಯೇಲರ ಹಬ್ಬ. ಹಿಂದೆ ಮೂವರಿಗೂ ಬೇರೆ ಬೇರೆ ದಿನಗಳಿದ್ದವು. 1969ರ ಪಂಚಾಂಗ ಸುಧಾರಣೆಯಲ್ಲಿ ಒಂದೇ ದಿನಕ್ಕೆ ಬಂದರು. ಎಲ್ಲರೂ ಮಿಕಾಯೇಲನ ಕತ್ತಿ, ಘಟಸರ್ಪದ ಕಡೆಗೇ ಓಡುತ್ತಾರೆ. ನನ್ನ ಮತ ರಫಾಯೇಲನಿಗೆ. ತೊಬಿತನ ಗ್ರಂಥದಲ್ಲಿರುವ ಅವನ ಕಥೆಯಲ್ಲಿ ಮಕ್ಕಳಿಗೆ ಬೇಕಾದ್ದೆಲ್ಲ ಇದೆ. ಹಕ್ಕಿಯ ಹಿಕ್ಕೆ ಕಣ್ಣಿಗೆ ಬಿದ್ದು ಅಪ್ಪ ಕುರುಡನಾಗುತ್ತಾನೆ (ಇಲ್ಲಿ ನಗು ಗ್ಯಾರಂಟಿ). ಮಗ ತೊಬಿಯಾಸ ದೂರದೇಶಕ್ಕೆ ಹೊರಡುತ್ತಾನೆ, ಜೊತೆಗೆ ಬಂದವನು ದೇವದೂತ ಎಂದು ಅವನಿಗೆ ಗೊತ್ತಿಲ್ಲ. ನಾಯಿಯೊಂದು ಹಿಂದೆಯೇ ಬರುತ್ತದೆ. ನದಿಯಿಂದ ದೊಡ್ಡ ಮೀನು ಮೇಲೆ ಹಾರುತ್ತದೆ, ಅದರ ಪಿತ್ತದಿಂದಲೇ ಕೊನೆಗೆ ಅಪ್ಪನ ಕಣ್ಣು ಬರುತ್ತದೆ. ಕಥೆ ಮುಗಿದ ಮೇಲೆ ಆಟ: ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಇನ್ನೊಬ್ಬರು ರಫಾಯೇಲನಾಗಿ ಕೈಹಿಡಿದು ಮನೆಯಿಡೀ ಸುತ್ತಿಸಿ ಪ್ರಾರ್ಥನೆಯ ಮೂಲೆಗೆ ತಂದು ಬಿಡಬೇಕು. ಕುರ್ಚಿ ಕಾಲಿಗೆ ತಾಗಿಸಿದರೆ ರಫಾಯೇಲ ಔಟ್. ಮೂರು ದಿನ ಬಿಟ್ಟು, ಅಕ್ಟೋಬರ್ 2ರಂದು ಕಾವಲು ದೂತರ ಹಬ್ಬ ಬಂದಾಗ ಈ ಆಟವನ್ನು ನೆನಪಿಸಿದರೆ ಸಾಕು, ಬೇರೆ ವಿವರಣೆ ಬೇಡ.

ಅಕ್ಟೋಬರ್

ತಿಂಗಳ ಮೊದಲ ದಿನವೇ ಲಿಸಿಯೂವಿನ ಸಂತ ತೆರೇಸ. ಹುಟ್ಟಿದ್ದು 1873, ತೀರಿಕೊಂಡದ್ದು 1897, ಇಪ್ಪತ್ನಾಲ್ಕೇ ವರ್ಷ. ಅವಳ ಫೋಟೋಗಳಿವೆ ಎನ್ನುವುದೇ ಮಕ್ಕಳಿಗೆ ದೊಡ್ಡ ಸುದ್ದಿ. ಅಕ್ಕ ಸೆಲೀನ್ ಮಠ ಸೇರುವಾಗ ಕ್ಯಾಮೆರಾ ಒಯ್ದಿದ್ದಳು, ಹಾಗಾಗಿ ಬಟ್ಟೆ ಒಗೆಯುವ, ಹುಲ್ಲು ಕೂಡಿಸುವ ಸಂತಳನ್ನು ನಾವು ನೋಡಬಹುದು. ದೊಡ್ಡ ಸಾಹಸ ಮಾಡಲಾಗದಿದ್ದರೂ ಚಿಕ್ಕ ಕೆಲಸವನ್ನು ಪ್ರೀತಿಯಿಂದ ಮಾಡಬಹುದು ಎಂಬ ಅವಳ 'ಪುಟ್ಟ ಹಾದಿ' ಮಕ್ಕಳ ಎತ್ತರಕ್ಕೇ ಹೊಂದುತ್ತದೆ.

ಅವಳು ಚಿಕ್ಕವಳಿದ್ದಾಗ ತನ್ನ ಚಿಕ್ಕಪುಟ್ಟ ತ್ಯಾಗಗಳನ್ನು ಎಣಿಸಲು ಮಣಿಸರ ಇಟ್ಟುಕೊಂಡಿದ್ದಳು. ಅಂಥದ್ದೊಂದನ್ನು ಮನೆಯಲ್ಲೇ ಮಾಡಬಹುದು. ಹತ್ತು ಮಣಿ, ಒಂದು ಪದಕ ಅಥವಾ ಪುಟ್ಟ ಶಿಲುಬೆ, ಮೊಳಕ್ಕಿಂತ ತುಸು ಉದ್ದದ ದಾರ. ದಾರವನ್ನು ಮಧ್ಯಕ್ಕೆ ಮಡಚಿ ಪದಕಕ್ಕೆ ಗಂಟು ಹಾಕಿ, ಎರಡು ತುದಿ ಸಮ ಬರಲಿ. ಈಗ ಗುಟ್ಟಿನ ಭಾಗ. ಮೊದಲ ಮಣಿಯೊಳಕ್ಕೆ ಒಂದು ತುದಿಯನ್ನು ಎಡದಿಂದ ಬಲಕ್ಕೆ ತೂರಿಸಿ, ಇನ್ನೊಂದು ತುದಿಯನ್ನು ಅದೇ ಮಣಿಯೊಳಕ್ಕೆ ಬಲದಿಂದ ಎಡಕ್ಕೆ ತೂರಿಸಿ, ಎರಡನ್ನೂ ಎಳೆಯಿರಿ. ದಾರಗಳು ಮಣಿಯೊಳಗೆ ಒಂದನ್ನೊಂದು ಹಾದುಹೋಗುವುದರಿಂದ ಮಣಿ ಎಳೆದರೆ ಮಾತ್ರ ಸರಿಯುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ. ಹತ್ತೂ ಹೀಗೆಯೇ ಪೋಣಿಸಿ, ಮಣಿಗಳು ಓಡಾಡಲು ಎರಡಂಗುಲ ಜಾಗ ಬಿಟ್ಟು ತುದಿಗೆ ಗಂಟು ಹಾಕಿ. ಮಣಿ ಜಾರಿಹೋಗುತ್ತಿದ್ದರೆ ದಾರ ತೆಳುವಾಯಿತೆಂದು ಅರ್ಥ, ದಪ್ಪದ್ದು ತನ್ನಿ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಮಣಿ ನೆಲಕ್ಕೆ ಬೀಳದಂತೆ ತಟ್ಟೆಯೊಳಗಿಟ್ಟು ಪೋಣಿಸಿ, ಬಾಯಿಗೆ ಹಾಕಿಕೊಂಡೀತು.

ಸಿಟ್ಟು ಬಂದಾಗ ಬಾಯಿ ಮುಚ್ಚಿಕೊಂಡರೆ ಒಂದು ಮಣಿ. ಕೇಳದೇ ತಟ್ಟೆ ಎತ್ತಿಟ್ಟರೆ ಒಂದು ಮಣಿ. ಒಂದೇ ಕಟ್ಟಳೆ ತಂದೆತಾಯಿಗೆ: ಎಷ್ಟಾಯಿತು ಎಂದು ಕೇಳಬಾರದು. ಸರ ಮಗುವಿನ ಜೇಬಿನಲ್ಲಿರಲಿ. ಕೇಳಲು ಶುರುಮಾಡಿದ ದಿನ ಅಣ್ಣತಮ್ಮಂದಿರ ನಡುವೆ ಸ್ಪರ್ಧೆ ಹುಟ್ಟುತ್ತದೆ, ಅಲ್ಲಿಗೆ ತೆರೇಸಳ ಕಥೆ ಮುಗಿಯಿತು.

4ರಂದು ಅಸ್ಸಿಸಿಯ ಸಂತ ಫ್ರಾನ್ಸಿಸ್. 1226ರ ಅಕ್ಟೋಬರ್ 3ರ ಸಂಜೆ ತೀರಿಕೊಂಡವರು. ಅನೇಕ ಚರ್ಚುಗಳಲ್ಲಿ ಈ ದಿನ ಸಾಕುಪ್ರಾಣಿಗಳನ್ನು ಆಶೀರ್ವದಿಸುತ್ತಾರೆ. ಮನೆಯಲ್ಲಿ ನಾಯಿ, ಬೆಕ್ಕು, ಮೀನು ಏನಿದ್ದರೂ ಅದರ ಊಟದ ಜವಾಬ್ದಾರಿ ಇವತ್ತು ಮಕ್ಕಳದು. ಏನೂ ಇಲ್ಲದಿದ್ದರೆ ಕಿಟಕಿಯ ಹೊರಗೆ ಹಕ್ಕಿಗಳಿಗೆ ಕಾಳು, ನೀರು. ಗುಬ್ಬಿಯೊ ಊರಿನ ತೋಳದ ಕಥೆ ಪರಂಪರೆಯಿಂದ ಬಂದದ್ದು, ಅದನ್ನು ಹಾಗೆಂದೇ ಹೇಳಿ. ಆದರೆ ಫ್ರಾನ್ಸಿಸರನ್ನು ಬರೀ ಪ್ರಾಣಿಪ್ರಿಯರನ್ನಾಗಿ ಮಾಡಿ ಕೈಬಿಡಬೇಡಿ. ಬಟ್ಟೆ ವ್ಯಾಪಾರಿಯ ಮಗ ಉಟ್ಟ ಬಟ್ಟೆಯನ್ನೂ ಕಳಚಿ ತಂದೆಯ ಮುಂದಿಟ್ಟು ಬಡತನ ಆರಿಸಿಕೊಂಡದ್ದು ಕಥೆಯ ತಿರುಳು. ಮಗು ತನ್ನ ಬಟ್ಟೆಯಲ್ಲೋ ಆಟಿಕೆಯಲ್ಲೋ ಒಂದನ್ನು ಬೇರೆಯವರಿಗೆ ಕೊಡಲು ತಾನೇ ಆರಿಸಲಿ. ಹರಿದದ್ದು, ಮುರಿದದ್ದು ಬೇಡ ಎಂಬ ಷರತ್ತಿನ ಮೇಲೆ. 1223ರಲ್ಲಿ ಗ್ರೆಚ್ಚೊದಲ್ಲಿ ಎತ್ತು, ಕತ್ತೆ ನಿಲ್ಲಿಸಿ ಕ್ರಿಸ್ತಜಯಂತಿಯ ಗೋದಲಿ ಮಾಡಿಸಿದವರು ಇವರೇ ಎಂದು ಹೇಳಿಟ್ಟರೆ ಡಿಸೆಂಬರಿನಲ್ಲಿ ಉಪಯೋಗಕ್ಕೆ ಬರುತ್ತದೆ.

7 ಜಪಸರ ಮಾತೆಯ ಹಬ್ಬ. ಇದರ ಮೂಲ 1571ರ ಲೆಪಾಂಟೊ ನೌಕಾಯುದ್ಧದಲ್ಲಿ ಓಟೋಮನ್ನರ ಮೇಲೆ ಕ್ರೈಸ್ತ ಪಡೆ ಗಳಿಸಿದ ಗೆಲುವು. ಚಿಕ್ಕ ಮಕ್ಕಳಿಗೆ ಯುದ್ಧದ ಕಥೆ ಬೇಕಿಲ್ಲ ಎಂದು ನನ್ನ ಅಭಿಪ್ರಾಯ, ಹೈಸ್ಕೂಲಿನವರು ಇತಿಹಾಸ ಪಾಠದ ಜೊತೆ ಓದಿಕೊಳ್ಳಲಿ. ಇಡೀ ಜಪಸರಕ್ಕೆ ಐದು ವರ್ಷದ ಮಗುವನ್ನು ಮಂಡಿಯೂರಿಸಬೇಡಿ. ಹತ್ತು ಬೆಣಚುಕಲ್ಲು, ಒಂದು ಬಟ್ಟಲು ತನ್ನಿ. ಒಂದು 'ನಮೋ ಮರಿಯಾ' ಆದಂತೆ ಮಗು ಒಂದು ಕಲ್ಲನ್ನು ಬಟ್ಟಲಿಗೆ ಹಾಕಲಿ. ಕಲ್ಲು ಮುಗಿದರೆ ಆವತ್ತಿನದು ಮುಗಿಯಿತು. ಅಕ್ಟೋಬರ್ ಪೂರ್ತಿ ದಿನಕ್ಕೆ ಒಂದು ಹತ್ತು ಸಾಕು. ಶುರುಮಾಡುವ ಮುಂಚೆ ಆ ದಿನದ ರಹಸ್ಯಕ್ಕೆ (ಜಪಸರದಲ್ಲಿ ಧ್ಯಾನಿಸುವ, ಯೇಸು-ಮರಿಯಮ್ಮನವರ ಬದುಕಿನ ಘಟನೆಗೆ) ಒಂದು ಚಿತ್ರ ತೋರಿಸಿದರೆ ಕೈ ಕಲ್ಲಿನ ಮೇಲಿದ್ದರೂ ಮನಸ್ಸು ಚಿತ್ರದ ಮೇಲಿರುತ್ತದೆ.

12ರಂದು ಕಾರ್ಲೊ ಅಕುತಿಸ್. 1991ರಲ್ಲಿ ಹುಟ್ಟಿ, 2006ರ ಅಕ್ಟೋಬರ್ 12ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಹುಡುಗ; 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೋ ಸಂತ ಪದವಿಗೆ ಏರಿಸಿದರು. ಪರಮಪ್ರಸಾದದ ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದವನು, ವಿಡಿಯೋ ಗೇಮನ್ನೂ ಆಡಿದವನು. ಹದಿಹರೆಯದವರಿಗೆ ಕ್ರಾಫ್ಟ್ ಎಂದರೆ ಅಲರ್ಜಿ. ಅವರ ಕೈಗೆ ಈ ಹಬ್ಬವನ್ನು ಪೂರ್ತಿ ಬಿಟ್ಟುಕೊಡಿ. ತಮ್ಮತಂಗಿಯರಿಗೆ ಕಾರ್ಲೊ ಬಗ್ಗೆ ಐದು ಸ್ಲೈಡ್ ಮಾಡಿ ತೋರಿಸಲಿ.

15ರ ಆವಿಲಾದ ತೆರೇಸಳಿಗೆ ಒಂದು ಒಗಟು ಸಾಕು: ಅಕ್ಟೋಬರ್ 4ರ ರಾತ್ರಿ ತೀರಿಕೊಂಡ ಸಂತಳ ಮರುದಿನ ಅಕ್ಟೋಬರ್ 15 ಆದದ್ದು ಹೇಗೆ? 1582ರಲ್ಲಿ ಹಳೆಯ ಪಂಚಾಂಗ ಬಿಟ್ಟು ಗ್ರೆಗೋರಿಯನ್ ಪಂಚಾಂಗಕ್ಕೆ ದಾಟಿದ್ದು ಅದೇ ರಾತ್ರಿ, ಹತ್ತು ದಿನ ಹಾಗೇ ಮಾಯವಾದವು.

ನವೆಂಬರ್

1 ಮತ್ತು 2 ಜೋಡಿ ಹಬ್ಬಗಳು. ಯಾವುದನ್ನು ಬಿಟ್ಟರೂ ಇವನ್ನು ಬಿಡಬೇಡಿ.

ಸಕಲ ಸಂತರ ಹಬ್ಬಕ್ಕೆ ಮಕ್ಕಳು ಒಬ್ಬೊಬ್ಬ ಸಂತರ ವೇಷ ಹಾಕಲಿ. ಬಾಡಿಗೆ ಉಡುಪು ಬೇಡ. ಅಮ್ಮನ ದುಪಟ್ಟಾ, ಅಪ್ಪನ ಹಳೆ ಅಂಗಿ, ಕೈಯಲ್ಲಿ ಒಂದು ಗುರುತು. ಪೇತ್ರನಿಗೆ ಬೀಗದಕೈ, ಸಿಸಿಲಿಯಾಗೆ ಯಾವುದಾದರೂ ವಾದ್ಯ, ಲೀಮಾದ ಮಾರ್ಟಿನ್ ದೆ ಪೋರೆಸ್‌ಗೆ ಪೊರಕೆ. ನೋಡುವವರು ಹೌದು-ಅಲ್ಲ ಎಂಬ ಉತ್ತರದ ಪ್ರಶ್ನೆ ಕೇಳುತ್ತಾ ಸಂತರನ್ನು ಗುರುತಿಸಬೇಕು. ಕೊನೆಗೆ ಸಂತರ ಮನವಿಮಾಲೆಯನ್ನು ಚಿಕ್ಕದಾಗಿ ಮಾಡಿ: ಒಬ್ಬೊಬ್ಬರೂ ತಮ್ಮ ಸಂತರ ಹೆಸರು ಹೇಳುವುದು, ಎಲ್ಲರೂ ಸೇರಿ "ನಮಗಾಗಿ ಪ್ರಾರ್ಥಿಸಿರಿ" ಎನ್ನುವುದು. ಹಿಂದಿನ ರಾತ್ರಿಯ ಹ್ಯಾಲೊವೀನ್ ಬಗ್ಗೆ ಮನೆಮನೆಯಲ್ಲೂ ಜಗಳವಿದೆ. ಬೇಕೋ ಬೇಡವೋ ನೀವೇ ತೀರ್ಮಾನಿಸಿ, ಆದರೆ ಬೇಡವೆಂದು ಬರೀ ನಿಷೇಧ ಹೇರಿದರೆ ಮಗುವಿನ ಪಾಲಿಗೆ ಉಳಿಯುವುದು ತಪ್ಪಿಹೋದ ಚಾಕೊಲೇಟ್ ಮಾತ್ರ. ಮರುದಿನದ ಹಬ್ಬದಲ್ಲಿ ಸಿಹಿಯೂ ಗದ್ದಲವೂ ಧಾರಾಳವಾಗಿರಲಿ.

2ರಂದು ಮೃತರ ಸ್ಮರಣೆ. ಕ್ಲೂನಿ ಮಠದ ಮುಖ್ಯಸ್ಥ ಓಡಿಲೊ ಹತ್ತನೇ ಶತಮಾನದ ಕೊನೆಯಲ್ಲಿ ತಮ್ಮ ಮಠಗಳಿಗೆ ಗೊತ್ತುಮಾಡಿದ ದಿನ ಆಮೇಲೆ ಎಲ್ಲೆಡೆ ಹಬ್ಬಿತು. ನೇರಳೆ ಬಟ್ಟೆ ಹಾಸಿ, ತೀರಿಹೋದ ಮನೆಯವರ ಫೋಟೋ ಇಡಿ. ಒಂದು ಪುಸ್ತಕಕ್ಕೆ ಹೆಸರುಗಳನ್ನು ಬರೆಯುವುದು ಅಕ್ಷರ ಬಲ್ಲ ಮಗುವಿನ ಕೆಲಸ. ಮುತ್ತಜ್ಜಿ, ದೊಡ್ಡಪ್ಪ, ಪಕ್ಕದ ಮನೆಯ ತಾತ, ಹುಟ್ಟುವ ಮೊದಲೇ ಹೋದ ತಮ್ಮ. ಆ ಪುಸ್ತಕ ವರ್ಷವರ್ಷವೂ ಅದೇ ಇರಲಿ, ಹೊಸ ಹೆಸರು ಸೇರಿದಲ್ಲಿ ಬರವಣಿಗೆಯೂ ಬದಲಾಗಿರುತ್ತದೆ. ಒಂದೊಂದು ಹೆಸರಿಗೆ ಒಂದೊಂದು ನೆನಪು ದೊಡ್ಡವರು ಹೇಳಬೇಕು, "ಒಳ್ಳೆಯವರಾಗಿದ್ದರು" ಎಂದಷ್ಟೇ ಹೇಳಿ ಜಾರಿಕೊಳ್ಳುವಂತಿಲ್ಲ. ಅಜ್ಜ ಕಾಫಿ ಆರಿಸಿಕೊಂಡು ಕುಡಿಯುತ್ತಿದ್ದ ರೀತಿ ಹೇಳಿದರೆ ಅಜ್ಜನನ್ನು ನೋಡದ ಮಗುವಿಗೂ ಅಜ್ಜ ಸಿಗುತ್ತಾರೆ.

ಮಕ್ಕಳು ಕೇಳುವ ಪ್ರಶ್ನೆಗೆ ನೇರ ಉತ್ತರ ಕೊಡಿ. "ಅಜ್ಜಿ ನಿದ್ದೆ ಮಾಡ್ತಿದ್ದಾರೆ" ಎನ್ನಬೇಡಿ, ಆ ರಾತ್ರಿ ಮಗು ನಿದ್ದೆಗೇ ಹೆದರೀತು. ಅಜ್ಜಿ ತೀರಿಕೊಂಡರು, ಅವರ ದೇಹ ಸಮಾಧಿಯಲ್ಲಿದೆ, ಆತ್ಮ ದೇವರ ಕೈಯಲ್ಲಿದೆ, ದೇವರನ್ನು ಮುಖಾಮುಖಿ ನೋಡಲು ಶುದ್ಧರಾಗುತ್ತಿರುವವರಿಗೆ ನಮ್ಮ ಪ್ರಾರ್ಥನೆ ನೆರವಾಗುತ್ತದೆ: ಇಷ್ಟು ಸಾಕು. "ಈಗ ಸ್ವರ್ಗದಲ್ಲಿದ್ದಾರಾ?" ಎಂದರೆ, "ಇರಲಿ ಎಂದೇ ಪ್ರಾರ್ಥಿಸುತ್ತೇವೆ" ಎನ್ನಿ. ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸುವುದಕ್ಕೆ ಧರ್ಮಸಭೆ ವಿಶೇಷ ಕೃಪೆಯನ್ನು ಜೋಡಿಸಿದೆ. ಹಗಲು ಹೊತ್ತಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ. ಕೈಗೆ ಪೊರಕೆ, ನೀರು, ಹೂವು ಕೊಟ್ಟರೆ ಸಮಾಧಿಯ ಹೆದರಿಕೆ ತಾನಾಗಿ ಇಳಿಯುತ್ತದೆ. ಇತ್ತೀಚೆಗಷ್ಟೇ ಸಾವು ಕಂಡ ಮನೆಯಾದರೆ ಮಗುವನ್ನು ಒತ್ತಾಯಿಸಬೇಡಿ, ಬರುವ ವರ್ಷವೂ ನವೆಂಬರ್ ಇದೆ.

11ರಂದು ತೂರ್‌ನ ಸಂತ ಮಾರ್ಟಿನ್. ರೋಮನ್ ಸೈನಿಕನಾಗಿದ್ದಾಗ ಆಮಿಯೆಂ ಊರಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟವರು. ಆ ರಾತ್ರಿ ಕನಸಿನಲ್ಲಿ ಅದೇ ಅರ್ಧವನ್ನು ಯೇಸು ಹೊದ್ದಿದ್ದರು. ಮುಂದೆ ಧರ್ಮಾಧ್ಯಕ್ಷರಾಗಿ 397ರಲ್ಲಿ ತೀರಿಕೊಂಡರು, ನವೆಂಬರ್ 11 ಅವರ ಸಮಾಧಿಯಾದ ದಿನ. ಈ ಕಥೆ ಹೇಳುವುದಲ್ಲ, ಆಡುವುದು. ಹಳೆಯ ಬೆಡ್‌ಶೀಟ್ ಒಂದನ್ನು ನಿಜವಾಗಿಯೂ ಎರಡಾಗಿ ಹರಿಯಲು ಬಿಡಿ. ಹರಿಯುವ ಸದ್ದು ಮಕ್ಕಳಿಗೆ ವರ್ಷವಿಡೀ ನೆನಪಿರುತ್ತದೆ.

ಯುರೋಪಿನ ಹಲವೆಡೆ ಈ ಸಂಜೆ ಮಕ್ಕಳ ದೀಪದ ಮೆರವಣಿಗೆ ಇದೆ. ಅದಕ್ಕೆ ಜಾಮ್ ಬಾಟಲಿ ಹೊರತೆಗೆಯಿರಿ. ತೆಳು ಬಣ್ಣದ ಕಾಗದವನ್ನು ಕತ್ತರಿ ಬಳಸದೆ ಕೈಯಲ್ಲೇ ಹರಿದುಕೊಳ್ಳಿ. ಅಂಟಿಗೆ ಸ್ವಲ್ಪ ನೀರು ಬೆರೆಸಿ ಬಾಟಲಿಯ ಹೊರಮೈಗೆ ಬಳಿದು, ತುಂಡುಗಳನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಅಂಟಿಸಿ, ಮೇಲೆ ಇನ್ನೊಮ್ಮೆ ಅಂಟು ಸವರಿ. ಒಣಗಲು ರಾತ್ರಿ ಪೂರ್ತಿ ಬೇಕು, ಆದ್ದರಿಂದ 10ರಂದೇ ಮಾಡಿಡಿ. ಕುತ್ತಿಗೆಗೆ ತಂತಿ ಬಿಗಿದು ಹಿಡಿ ಮಾಡಿ. ಒಳಗೆ ಬ್ಯಾಟರಿ ದೀಪವೇ ಇರಲಿ. ಓಡುವ ಮಕ್ಕಳ ಕೈಯಲ್ಲಿ ಬೆಂಕಿ, ಗಾಜು ಎರಡೂ ಒಟ್ಟಿಗೆ ಬೇಡ. ಮನೆಯ ಲೈಟು ಆರಿಸಿ ಕೋಣೆಯಿಂದ ಕೋಣೆಗೆ ಮೆರವಣಿಗೆ ಹೋದರೂ ಆಯಿತು. ಹೊದಿಕೆಯನ್ನೋ ಸ್ವೆಟರನ್ನೋ ಬೇಕಾದವರಿಗೆ ತಲುಪಿಸುವ ಕೆಲಸ ಅದೇ ವಾರದೊಳಗೆ ಮುಗಿಸಿಬಿಡಿ.

ಬಡವರಿಗೆ ಬ್ರೆಡ್ಡು ಹಂಚುತ್ತಿದ್ದ, 17ರ ಹಂಗೇರಿಯ ಎಲಿಜಬೆತ್‌ಗೆ ಬ್ರೆಡ್ಡು ಬೇಯಿಸಿ ಹಂಚಿ, 22ರ ಸಿಸಿಲಿಯಾಗೆ ಎಲ್ಲರೂ ಹಾಡಿ. ಅಷ್ಟರಲ್ಲಿ ನಿಮಗೂ ದಣಿವಾಗಿರುತ್ತದೆ.

ಪೂಜಾವರ್ಷದ ಕೊನೆಯ ಭಾನುವಾರ ಕ್ರಿಸ್ತರಾಜರ ಹಬ್ಬ. 1925ರಲ್ಲಿ ಪೋಪ್ 11ನೇ ಪಿಯುಸ್ ಸ್ಥಾಪಿಸಿದ್ದು. ಮೊದಲು ಅಕ್ಟೋಬರಿನ ಕೊನೆಯ ಭಾನುವಾರ ಇತ್ತು, ಈಗ ನವೆಂಬರ್ 20ರಿಂದ 26ರೊಳಗೆ ಬರುತ್ತದೆ. ಮಕ್ಕಳು ರಟ್ಟಿನ ಕಿರೀಟ ಮಾಡಿ ತಲೆಗಿಟ್ಟುಕೊಂಡು ಊಟಕ್ಕೆ ಬರಲಿ, ಊಟದ ಮುಂಚೆ ಎಲ್ಲರೂ ಕಿರೀಟ ತೆಗೆದು ಶಿಲುಬೆಯ ಮುಂದಿಡಲಿ. ಊಟವಾದ ಮೇಲೆ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಿ: ನೇರಳೆ ಬಟ್ಟೆಗೆ ಮೃತರ ದಿನದ ಮೇಣ ಸೋರಿದ್ದರೆ ತೊಳೆದು ಹಾಕಿ, ಮುಂದಿನ ಭಾನುವಾರವೇ ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರ, ಅದರ ನಾಲ್ಕು ಭಾನುವಾರಕ್ಕೆ ನಾಲ್ಕು ಮೇಣದಬತ್ತಿಯೂ ತರಬೇಕು.